ಜೀರ್ಜಿಂಬೆಯ ಪಾಠ

ಅರಸೀಕೆರೆ
೧೯-೮-೧೯೫೮

ಒಂದನೇ ತರಗತಿಯ ಉಪಾಧ್ಯಾಯಿನಿ ಚೆಲುವಾಂಬನವರಿಗೆ ಅನಂತಸ್ವಾಮಿಯ ನಮಸ್ಕಾರಗಳು.

ಕಾಗದದ ಮೇಲೆ ಶ್ರೀಕಾರ ಹಾಕಿಲ್ಲ. ಹೋದ ವಾರ ನನ್ನ ಹೆಂಡತಿ, ನಿಮ್ಮ ತರಗತಿಯ ಕನಕವಲ್ಲಿಯ ತಾಯಿ, ಜ್ವರದಲ್ಲಿ ತೀರಿಕೊಂಡಳು.

ಅದಕ್ಕೆ ಸ್ವಲ್ಪ ಮುಂಚೆ ನೀವು ಮಕ್ಕಳಿಗೆ ಜಾಲಿಮರದಲ್ಲಿ ಜೀರ್ಜಿಂಬೆ ಹುಳು ತೋರಿಸಿದಿರಂತೆ. ಮುಟ್ಟಿದರೆ ಅದು ಕಾಲು ಮಡಚಿ ಸತ್ತಂತೆ ಬೀಳುತ್ತದೆ, ಸದ್ದು ಮಾಡದೆ ಕಾದರೆ ಎದ್ದು ಹೋಗುತ್ತದೆ ಎಂದಿರಂತೆ. ಇವಳು ಬೆಂಕಿಪೊಟ್ಟಣದಲ್ಲಿ ಒಂದನ್ನು ತಂದು ಅಮ್ಮನಿಗೂ ತೋರಿಸಿದಳು. ಅಮ್ಮ ಮಲಗಿದ್ದಲ್ಲೇ ನಕ್ಕಳು.

ಅವಳು ಹೋದ ದಿನ ನಡುಮನೆಯಲ್ಲಿ ಎಲ್ಲರೂ ಅಳುತ್ತಿದ್ದಾಗ ಕನಕವಲ್ಲಿ ರೇಗಿಬಿಟ್ಟಳು. "ಸುಮ್ನಿರ್ರೀ ಎಲ್ರೂ! ಹಿಂಗೆ ಸದ್ದು ಮಾಡಿದ್ರೆ ಅಮ್ಮ ಹೆಂಗೆ ಏಳ್ತಾಳೆ?" ಯಾರೂ ಸುಮ್ಮನಾಗಲಿಲ್ಲ. ಅದಕ್ಕೇ ಅಮ್ಮ ಏಳಲಿಲ್ಲ ಎಂದು ಅವಳ ಲೆಕ್ಕ. ಈಗಲೂ ಅಮ್ಮ ಎಲ್ಲೋ ಮಲಗಿದ್ದಾಳೆ, ನಾವು ಸದ್ದಿಲ್ಲದೆ ಇದ್ದರೆ ಎದ್ದು ಬರುತ್ತಾಳೆ ಎನ್ನುತ್ತಾಳೆ. ಬಾವಿಯ ರಾಟೆ ಕಿರುಗುಟ್ಟಿದರೂ ಓಡಿಬಂದು ಬಾಯಿಯ ಮೇಲೆ ಬೆರಳಿಡುತ್ತಾಳೆ.

ನಾನು ಹೇಳಿ ನೋಡಿದೆ. "ನಿಂಗೇನು ಗೊತ್ತಪ್ಪ? ನಮ್ಮ ಟೀಚರ್ ಹೇಳಿದಾರೆ" ಎಂದಳು.

ನಿಮ್ಮ ಪಾಠದಲ್ಲಿ ತಪ್ಪಿಲ್ಲ. ಆದರೂ ಬಿಡುವು ಮಾಡಿಕೊಂಡು ಒಂದು ಸಲ ಬನ್ನಿ, ಸೂತಕ ಕಳೆಯಲಿ ಎಂದು ಕಾಯಬೇಡಿ. ಮನುಷ್ಯರ ವಿಷಯ ಬೇರೆ ಎಂದು ನೀವೇ ಅವಳಿಗೆ ತಿಳಿಸಬೇಕು. ನೀವು ಹೇಳಿಹೋದ ಮೇಲೆ ನಾನೂ ಈ ಮನೆಯಲ್ಲಿ ಬಾಯಿಬಿಟ್ಟು ಅಳಬಹುದು.

ಇಂತು,
ಅನಂತಸ್ವಾಮಿ