ಬಿಲ್ಲೆ ನನ್ನ ಕೈಯಲ್ಲೇ ಇತ್ತು

ಊರಿಗಾಂ
ಗುರುವಾರ

ನನ್ನ ದೊಡ್ಡ ಮಗಳು ಲಿಖಿತಾಳಿಗೆ ಅಮ್ಮನ ಆಶೀರ್ವಾದಗಳು.

ಈಗ ಸಂಜೆ ಐದು ಗಂಟೆ. ಬೆಳಿಗ್ಗೆ ನೀರು ಬಂತು, ಎರಡು ಡ್ರಮ್ ತುಂಬಿಸಿದೆ. ಮಧ್ಯಾಹ್ನ ನಿನ್ನ ತಂಗಿ ಸಹನಳ ಮೇಲೆ ಸಿನಿಮಾ ಮಾಡಿರುವ ಭಾನುಪ್ರಿಯ ಬಂದಿದ್ದಳು. ಅವಳು ಹೋದ ಮೇಲೆ ಒಲೆ ಹಚ್ಚಿಲ್ಲ. ಡೈರಿಯಲ್ಲಿ ನಾಲ್ಕು ಸಾಲು ಬರೆದು ಹೊಡೆದುಹಾಕಿದೆ. ಇದು ಡೈರಿಗೆ ಹೇಳುವ ಮಾತಲ್ಲ. ಫೋನಿನಲ್ಲಿ ಹೇಳಲು ಹೋದರೆ ನೀನು "ಅಳ್ಬೇಡ, ಸುಮ್ಕಿರಮ್ಮ" ಅನ್ನುತ್ತೀಯ, ನಾನೂ ಸುಮ್ಮನಾಗಿಬಿಡುತ್ತೇನೆ. ಎಂಟು ತಿಂಗಳಿಂದ ಹಾಗೇ ಆಗಿದೆ.

ಎದುರುಮನೆ ಅಮ್ಮಾಜಮ್ಮ ಬೆಳಗಿನ ಮೊದಲ ರೈಲಿಗೆ ಬಂಗಾರಪೇಟೆಗೆ ಹೂವು ಮಾರಲು ಬರುತ್ತಾಳೆ. ಈ ಕಾಗದ ಅವಳ ಕೈಯಲ್ಲಿ ಕಳಿಸುತ್ತೇನೆ. ನಾಳೆ ಸಿನಿಮಾ ನೋಡಲು ಥಿಯೇಟರಿಗೆ ಹೊರಡುವ ಮೊದಲು ಓದು.

ಸಿನಿಮಾ ಚೆನ್ನಾಗಿದೆ. ಊರೂರು ತಿರುಗಿ ಸಾವಿರಾರು ಜನರ ಮುಂದೆ ಹಾಡಿದ ಸಹನ, ಸ್ವಂತ ಊರಿನ ಮೈದಾನದಲ್ಲಿ ಹಾಡಲೇಬೇಕೆಂದು ಹಠ ಹಿಡಿದಿದ್ದು ನಿನಗೆ ಗೊತ್ತಲ್ಲ. ಕಂಪನಿಯ ಹಳೇ ಶೆಡ್ಡಿನಲ್ಲಿ ಹದಿನೈದು ದಿನ ರಿಹರ್ಸಲ್ ಆಯಿತು. ಕಾರ್ಯಕ್ರಮ ಆಗಲಿಲ್ಲ. ಉಳಿದದ್ದು ರಿಹರ್ಸಲ್ ಒಂದೇ, ಅದನ್ನೇ ಸಿನಿಮಾ ಮಾಡಿದ್ದಾರೆ. ಅದರಲ್ಲಿ ಅವಳು ನನ್ನ ಹಸಿರು ಸ್ವೆಟರ್ ಹಾಕಿಕೊಂಡು, ರಾಗಿ ಅಂಬಲಿ ಲೋಟ ಹಿಡಿದು, "ಅಶ್ವಥಣ್ಣ, ನಿನ್ ಡ್ರಮ್ಮು ದನ ಅಟ್ಟಿದಂಗೈತೆ ಕಣಣ್ಣ" ಅಂತ ಕಾಡುತ್ತಾಳೆ. ಅವನು "ಅಂಗಾರೆ ನೀನೇ ಮುಂದಿನ್ ಅಸು, ನಡಿ" ಅನ್ನುತ್ತಾನೆ. ನಾನು ನಕ್ಕುಬಿಟ್ಟೆ. ನಕ್ಕಿದ್ದು ಕೇಳಿ ನನಗೇ ಹೆದರಿಕೆಯಾಯಿತು.

ಆಮೇಲೆ ಭಾನುಪ್ರಿಯ, "ಅಮ್ಮ, ನಿಮ್ದೂ ಮಗಳ್ದೂ ಚೆಂದದ ಸೀನ್ ಒಂದೈತೆ, ಜನ ಚಪ್ಪಾಳೆ ತಟ್ತಾರೆ ನೋಡಿ" ಎಂದು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು.

ಸಹನ ಹಾಡಿನ ಮಧ್ಯೆ ವೇದಿಕೆಯಿಂದ ಇಳಿದು ಬರುತ್ತಾಳೆ. ಕುರ್ಚಿಯಲ್ಲಿ ಕೂತಿರುವ ನನ್ನ ಮುಂದೆ ಅಂಗೈ ಚಾಚುತ್ತಾಳೆ. ನಾನು ಮುಷ್ಟಿ ಮುಚ್ಚಿ ಸೆರಗಿನಡಿ ಇಟ್ಟುಕೊಳ್ಳುತ್ತೇನೆ. ಗದ್ದ ಎತ್ತಿ ವೇದಿಕೆ ತೋರಿಸುತ್ತೇನೆ. ಅವಳು ವಾಪಸ್ ಹತ್ತುತ್ತಾಳೆ. ಅಷ್ಟೇ. ನೋಡುವವರಿಗೆ ಅದು ತಾಯಿ ಮಗಳ ಆಟ. ನಿನಗೊಬ್ಬಳಿಗೆ ಗೊತ್ತಾಗುತ್ತದೆ, ಆ ಮುಷ್ಟಿಯಲ್ಲಿ ಏನಿತ್ತು ಎಂದು.

ನಿಮ್ಮ ತಾತ ಚಿಕ್ಕಮುನಿಯಪ್ಪನ ಹಿತ್ತಾಳೆ ಬಿಲ್ಲೆ. ಗಣಿಗೆ ಇಳಿಯುವ ಮೊದಲು ನಂಬರಿನ ಬಿಲ್ಲೆಯನ್ನು ಗಣಿಬಾಯಿಯ ಕಟ್ಟೆಯಲ್ಲಿ ಕೊಡಬೇಕು, ಪಾಳಿ ಮುಗಿಸಿ ಮೇಲೆ ಬಂದಾಗ ಇಸಕೊಳ್ಳಬೇಕು. ಗಣಿ ಮುಚ್ಚಿದ ಮೇಲೂ ನಮ್ಮ ಮನೆಯಲ್ಲಿ ಅದು ಹಾಗೇ ನಡೆಯಿತು. ನಿನ್ನ ಪರೀಕ್ಷೆಗೂ ಅವಳ ಹಾಡಿಗೂ ಬಿಲ್ಲೆ ನನ್ನ ಕೈಗೆ ಕೊಟ್ಟು ಹೋಗುತ್ತಿದ್ದಿರಿ, ಬಂದು ಇಸಕೊಂಡು ಮೊಳೆಗೆ ಹಾಕುತ್ತಿದ್ದಿರಿ. "ಅರ್ಧ ಪಾಳೀಲಿ ಬಿಲ್ಲೆ ಕೇಳ್ಬಾರ್ದು, ಮನೇಗ್ ಕೇಡು" ಎನ್ನುತ್ತಿದ್ದರು ತಾತ. ನೀವಿಬ್ಬರೂ ನಗುತ್ತಿದ್ದಿರಿ. ನಾನು ನಗುತ್ತಿರಲಿಲ್ಲ.

ಅವಳು ಬಿದ್ದಾಗ ನಾನು ಅಲ್ಲಿರಲಿಲ್ಲ, ಕಾಫಿ ತರಲು ಹೋಗಿದ್ದೆ ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು ಮಗಳೇ. ನಾನು ಅಲ್ಲೇ ಕೂತಿದ್ದೆ, ಆ ಸೀನ್ ಅದೇ ದಿನದ್ದು. ಬಿಲ್ಲೆ ನನ್ನ ಕೈಯಲ್ಲೇ ಇತ್ತು. ಅಶ್ವಥ್ ಕೋಲು ಕೆಳಗಿಟ್ಟು "ಸಾಕು ಪಾಪ, ನಾಳೆ ಮಾಡಾಣ" ಎಂದ. ಹಾಡು ಮುಗಿಸಿಯೇ ಬರಲಿ ಎಂದವಳು ನಾನು. ಕೇಡಿಗೆ ಹೆದರಿ ಹಾಗೆ ಮಾಡಿದೆ. ಅವಳು ಏನೂ ಹೇಳಲಿಲ್ಲ, ಬರೀ ಕೈ ಚಾಚಿದಳು. ಎರಡನೇ ಚರಣಕ್ಕೆ ಬಿದ್ದಳು. ಹುಟ್ಟಿನಿಂದಲೇ ಹೃದಯದಲ್ಲಿ ದೋಷ ಇತ್ತು ಎಂದು ಡಾಕ್ಟರು ಹೇಳಿದ್ದು ನೀನೂ ಕೇಳಿದ್ದೀಯ.

ಮಣ್ಣು ಮಾಡಿದ ದಿನ ನೀನು ಅಶ್ವಥನನ್ನು "ಸಾಯೋಗಂಟ ಕುಣಿಸಿದ್ಯಲ್ಲೋ" ಎಂದು ಕೇಳಿದೆ. ಅವನು ನನ್ನ ಮುಖ ನೋಡಿ ತಲೆ ತಗ್ಗಿಸಿದ, ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ನಿನ್ನೆ ಫೋನಿನಲ್ಲಿ ನೀನು, "ಥಿಯೇಟರ್ನಾಗೆ ಎಲ್ರ ಮುಂದೆ ಅವನ ಕೊಳಪಟ್ಟಿ ಇಡೀತೀನಿ" ಎಂದೆ. ಬೇಡ. ಹಿಡಿಯುವುದಿದ್ದರೆ ನನ್ನನ್ನು ಹಿಡಿ.

ಆ ಸೀನ್ ತೆಗೆದುಬಿಡು ಎಂದು ಭಾನುಪ್ರಿಯಳನ್ನು ಕೇಳಿದೆ. "ಯಾಕಮ್ಮ? ಇಡೀ ಸಿನಿಮಾದಾಗೆ ಅವಳು ನಿಮ್ ಕಡೆ ನೋಡೋದು ಅದೊಂದ್ ಸಲವೇ" ಎಂದಳು.

ಲ್ಯಾಪ್‌ಟಾಪಿನಲ್ಲಿ ನನ್ನ ಮುಷ್ಟಿ ನಿಂಬೆಹಣ್ಣಿನಷ್ಟಿತ್ತು. ಥಿಯೇಟರಿನಲ್ಲಿ ಗೋಡೆಯಷ್ಟಾಗುತ್ತದೆ. ನೀನು ಪಕ್ಕದಲ್ಲಿ ನನ್ನ ಕೈ ಹಿಡಿದು ಕೂತಿರುತ್ತೀಯ. ಆಗ ನಿನ್ನ ಕೈ ನನ್ನ ಕೈಯಿಂದ ಬಿಟ್ಟುಹೋಗುವುದು ಮಧ್ಯಾಹ್ನದಿಂದ ಕಣ್ಣಿಗೆ ಕಟ್ಟಿದೆ. ಎದ್ದು ಬಾಗಿಲ ಚಿಲಕ ಮೂರು ಸಲ ನೋಡಿದೆ. ಯಾರು ಬರುತ್ತಾರೆಂದು ಹೆದರುತ್ತಿದ್ದೇನೋ ಗೊತ್ತಿಲ್ಲ. ನನಗೆ ಉಳಿದಿರುವುದು ನೀನೊಬ್ಬಳು. ಕತ್ತಲೆಯಲ್ಲಿ ಪರದೆ ನೋಡಿ ತಿಳಿಯುವುದಕ್ಕಿಂತ, ನಿನ್ನ ಮನೆಯ ಬೆಳಕಿನಲ್ಲಿ ನನ್ನ ಅಕ್ಷರದಿಂದ ತಿಳಿದುಕೋ ಎಂದು ಬರೆದೆ.

ಮೊಮ್ಮಗಳಿಗೆ ಮುತ್ತು.

ನಿನ್ನ ಅಮ್ಮ,
ಮುನಿರತ್ನಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಆಗಲಿಲ್ಲ. ಅವಳು ಏನೂ ಹೇಳಲಿಲ್ಲ ಎಂದು ಮೇಲೆ ಬರೆದದ್ದೂ ಸುಳ್ಳು. ಆ ಸೀನಿನಲ್ಲಿ ಅವಳ ದನಿ ಇಲ್ಲ, ಮೇಲೆ ಸಂಗೀತ ಹಾಕಿದ್ದಾರೆ. ತುಟಿ ಆಡುವುದು ಮಾತ್ರ ಕಾಣುತ್ತದೆ. ಏನಂದಳು ಎಂದು ಭಾನುಪ್ರಿಯ ಕೇಳಿದಾಗ ನೆನಪಿಲ್ಲ ಎಂದೆ. ಅವಳು ಹೇಳಿದ್ದು ಇದು: "ಅಮ್ಮ, ಎದೆ ಇಡ್ಕೊಂಡೈತೆ. ಬಿಲ್ಲೆ ಕೊಡು, ಮನೇಗ್ ಓಗಾಣ."

ಬಿಲ್ಲೆ ಈ ಕವರಿನಲ್ಲಿದೆ. ಆ ದಿನದಿಂದ ಮೊಳೆಗೆ ಹಾಕಿಲ್ಲ.

ನಾಳೆ ಮೊದಲ ಆಟ ಹತ್ತೂವರೆಗೆ. ನಾನು ಒಂಬತ್ತಕ್ಕೆಲ್ಲ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ.