ಕಲ್ಲು ಕಟ್ಟಿದ ಮೂರನೆಯ ಕೊಳವೆ

ಭೂಶಾಖ ವಿದ್ಯುತ್ ಕೇಂದ್ರದ ಸುರಕ್ಷತಾ ಮುಖ್ಯಸ್ಥರೇ,

ತುಕಿರನ್‌ನ ಎರಡೂ ಕಾಲು ಬೆಂದದ್ದು ಅವನದೇ ಅಜಾಗರೂಕತೆಯಿಂದ ಎಂಬ ತಮ್ಮ ವರದಿಯನ್ನು ಗೇಟಿನ ಫಲಕದಲ್ಲಿ ಓದಿದೆ. ಓದಿ ಅಸಹ್ಯವಾಯಿತು. ಹನ್ನೊಂದು ವರ್ಷ ಅವನ ಜೊತೆ ಅದೇ ಕೊಳವೆಗಳನ್ನು ನೋಡಿಕೊಂಡವನು ನಾನು. ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನೆಲದಾಳದ ಬಿಸಿನೀರು ಕಲ್ಲನ್ನೂ ಕರಗಿಸಿಕೊಂಡು ಮೇಲೆ ಬರುತ್ತದೆ. ಹಬೆ ಬೇರೆಯಾಗಿ ನೀರು ತಣಿದಂತೆ ಆ ಕಲ್ಲು ಕೊಳವೆಯ ಒಳಗೋಡೆಗೆ ಬಿಳಿ ಪದರವಾಗಿ ಅಂಟುತ್ತದೆ. ಇದು ತಮಗೆ ತಿಳಿಯದ ವಿಷಯವೇ? ಮೂರನೆಯ ಕೊಳವೆಯಲ್ಲಿ ತಲೆ ತೂರಿಸುವಷ್ಟಿದ್ದ ದಾರಿ ಮುಷ್ಟಿ ಹಿಡಿಸುವಷ್ಟಾಗಿತ್ತು. ಹರಿವು ಕುಸಿದು, ಕಲ್ಲು ಕಟ್ಟಿದ ಜಾಗದ ಹಿಂದೆ ಒತ್ತಡ ದಿನದಿನಕ್ಕೆ ಏರುತ್ತಿತ್ತು. ತುಕಿರನ್ ತಮ್ಮೆದುರೇ ಸುತ್ತಿಗೆಯಿಂದ ತಟ್ಟಿ, "ಯಜಮಾನ್ರೇ, ಇದು ಕೊಳವೆ ಸದ್ದಲ್ಲ, ಬಂಡೆ ಸದ್ದು. ಒಂದು ವಾರ ನಿಲ್ಸಿ, ಕೆರೆದು ಕೊಡ್ತೀವಿ" ಅಂದಾಗ ತಾವೇನೆಂದಿರಿ? "ಶುಕ್ರವಾರ ಮಿನಿಸ್ಟ್ರು ಬರ್ತಾರೆ ಕಣಯ್ಯ. ಮೊದ್ಲು ಹೊರಗಡೆ ಬಣ್ಣ ಬಳೀರಿ. ಒಳಗೆ ಇಣುಕೋರು ಯಾರು?" ಬಳಿದೆವು. ಸಚಿವರು ಬೆಳ್ಳಿಯಂತೆ ಹೊಳೆಯುವ ಕೊಳವೆಯನ್ನು ಮೆಚ್ಚಿ, ಸೋಯಾಕಾಳಿನ ಕರಿದ ತೆಂಪೆ ತಿಂದು, ತಮ್ಮ ಬೆನ್ನು ತಟ್ಟಿ ಹೋದರು.

ಮಂಗಳವಾರ ಬೆಳಗ್ಗೆ ಕೊಳವೆಯ ಜೋಡಣೆ ಸೋರತೊಡಗಿತು. ಕೆಳಗಿನ ಹೊಲದಲ್ಲಿ ಹೆಂಗಸರು ಆಲೂಗಡ್ಡೆ ಅಗೆಯುತ್ತಿದ್ದರು. ತುಕಿರನ್ ಅತ್ತ ಓಡಿದ. "ಬುಟ್ಟಿ ಬಿಟ್ಟು ಏಳ್ರವ್ವಾ, ದಿಬ್ಬ ಹತ್ತಿ" ಎಂದು ಕೂಗಿದ್ದು ನನಗೂ ಕೇಳಿಸಿತು. ಎಲ್ಲರೂ ಹತ್ತಿದರು. ಅಷ್ಟರಲ್ಲಿ ಜೋಡಣೆ ಒಡೆದು, ಕೊನೆಗೆ ಹೊರಟ ಅವನ ಮೊಣಕಾಲಿನವರೆಗೆ ಕುದಿನೀರು ನುಗ್ಗಿತು. ಒಂಬತ್ತು ಜೀವ ಉಳಿಸಿದ ಈ ಓಟಕ್ಕೆ ತಮ್ಮ ವರದಿಯಲ್ಲಿ "ಕರ್ತವ್ಯದ ಸ್ಥಳ ತೊರೆದದ್ದು" ಎಂದು ಹೆಸರು.

ಆಸ್ಪತ್ರೆಯಲ್ಲಿ ಅವನ ಹೆಂಡತಿ ಕಾಸಿನೆಮ್ ಕೇಳಿದಳು: "ಮರ್ಸುದಿಯಣ್ಣ, ಕೊಳವೆ ನೋಡಿದ್ವಿ, ಚೆನ್ನಾಗಿತ್ತು ಅಂತ ಕಾಗದದಲ್ಲಿದೆಯಂತಲ್ಲ. ಯಾರು ಸಹಿ ಹಾಕಿದ್ದು?"

ತಾವು ಮುಂದೊಡ್ಡಿದ ಕಾಗದಕ್ಕೆ, ಕೆಲಸ ಹೋದೀತೆಂದು ಹೆದರಿ, ಸಹಿ ಹಾಕಿದವನು ನಾನು. ಅವಳಿಗೆ ಹೇಳಿದೆ. ಅವಳು ಗಂಡನ ಕಡೆ ತಿರುಗಿ ಕೂತಳು. ನನ್ನ ಮೇಲೆ ನನಗೆ ಬಂದ ಹೇಸಿಗೆ ತಮಗೆ ತಮ್ಮ ಮೇಲೆ ಯಾವಾಗ ಬರುತ್ತದೆ?

ವರದಿಯನ್ನು ಹಿಂತೆಗೆದುಕೊಳ್ಳಿ. ಸೋಮವಾರ ಕೇಂದ್ರವನ್ನು ಮತ್ತೆ ಶುರುಮಾಡಿ ನೀರು ಬಿಡುವ ಮುನ್ನ ಉಳಿದ ನಾಲ್ಕು ಕೊಳವೆಗಳನ್ನು ಊರವರ ಎದುರು ಬಿಚ್ಚಿಸಿ, ಒಳಗಿನ ಕಲ್ಲು ಕೆರೆಸಿ. ಅಲ್ಲಿಯವರೆಗೆ ಆ ಒಂಬತ್ತು ಹೆಂಗಸರು ಕವಾಟದ ಮುಂದೆ ಕೂತಿರುತ್ತಾರೆ. ನನ್ನ ಸುಳ್ಳು ಸಹಿಯ ವಿಷಯ ಪೊಲೀಸರಿಗೆ ಬರೆದುಕೊಟ್ಟಿದ್ದೇನೆ. ಮುಂದಿನ ಹೇಳಿಕೆ ತಮ್ಮದು.

ಇಂತಿ,
ಹೆದರಿ ಉಳಿಸಿಕೊಂಡ ಕೆಲಸವನ್ನೂ ನಿನ್ನೆ ಕಳೆದುಕೊಂಡ
ಮರ್ಸುದಿ
ಸುಂಬರ್‌ವಾತು ಹಳ್ಳಿ, ಜಾವಾ