ಭಾಗಮ್ಮ ಕಟ್ಟಿದ ಹಾಡುಗಳು

ಅಂದೋಲಾ
21 ಡಿಸೆಂಬರ್ 1941

ಚಿ. ಸೌ. ನಿಂಬೆವ್ವನಿಗೆ ಅಪ್ಪನ ಆಶೀರ್ವಾದ.

ನಾನು ಇಲ್ಲಿ ಕ್ಷೇಮ. ಭೂಸನೂರಿನಲ್ಲಿ ನೀನು, ಅಳಿಯಂದಿರು, ಮಕ್ಕಳು ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಸಿಟ್ಟಾಗಿರುತ್ತೀ. ಶಾಯಿ ತೀರಿತ್ತು, ಕೈ ನಡುಗುತ್ತಿತ್ತು ಎಂದು ಬರೆಯಬಹುದು. ಮೂವತ್ತು ವರ್ಷ ಹುಡುಗರ ಬಾಯಿಂದ ನೆಪ ಕೇಳಿದವನಿಗೆ ನೆಪಕ್ಕೇನು ಬರ. ನಿಜವೆಂದರೆ, ನೀನು ಕೇಳಿದ ಒಂದು ಮಾತಿಗೆ ಉತ್ತರ ಬರೆಯಲು ಧೈರ್ಯ ಬರಲಿಲ್ಲ. "ಅವ್ವ ಇದ್ದಾಗ ಕೇಳದವರು ಈಗ ಯಾಕ ಆಕಿ ಹಾಡು ಹುಡುಕಾಕತ್ತೀರಿ?" ಎಂದು ಬರೆದಿದ್ದೀ. ಕೇಳುವ ಹಕ್ಕು ನಿನಗಿದೆ.

ಮೊದಲು ಊರಿನ ಸುದ್ದಿ. ಎಳ್ಳಮಾವಾಸ್ಯೆಗೆ ಓಣಿಯ ಮಾಳಮ್ಮ ಸಜ್ಜೆ ರೊಟ್ಟಿ, ಭಜ್ಜಿ ತಂದುಕೊಟ್ಟಳು. ನನ್ನ ಊಟದ ಚಿಂತೆ ಬೇಡ. ಜೋಳ ಈ ಸಲ ಆಳೆತ್ತರ ನಿಂತಿದೆ. ಜೇವರ್ಗಿಯಲ್ಲಿ ಹಿಟ್ಟಿನ ಗಿರಣಿ ಹಾಕುತ್ತಾರೆಂದು ಹೆಂಗಸರೆಲ್ಲ ಖುಷಿಯಲ್ಲಿದ್ದಾರೆ. ರಟ್ಟೆ ನೋಯುವುದು ಅವರದಲ್ಲವೇ, ಖುಷಿಪಡಲಿ. ಆದರೆ ಬೀಸುಕಲ್ಲು ನಿಂತರೆ ನನ್ನ ಕೆಲಸವೂ ನಿಲ್ಲುತ್ತದೆ. ಅದಕ್ಕೇ ನಿನಗೆ ಅವಸರ ಮಾಡುತ್ತಿದ್ದೇನೆ.

ಕೆಲಸ ಶುರುವಾದದ್ದು ಹೀಗೆ. ನಿನ್ನವ್ವ ತೀರಿಕೊಂಡ ಮೇಲೆ ನನ್ನ ಜೋಳವನ್ನು ಬೀಸಿಕೊಡುತ್ತಿದ್ದವಳು ಪಕ್ಕದ ಮನೆಯ ಖಾಸೀಂಬಿ. ಶ್ರಾವಣದಲ್ಲಿ ಒಂದು ದಿನ ಹಿಟ್ಟು ತರಲು ಹೋದೆ. ಒಳಗೆ ಬೀಸುತ್ತಾ ಹಾಡುತ್ತಿದ್ದಳು:

ಬೀಸುವ ಕಲ್ಲಿಗಿ ಬಿಸಿಲೊಂದು ಬಂದಾದ
ಹಾಸಿ ಕೂತಾದ ಹಿಟ್ಟಿನಾಗ | ನನ ಮಗನ
ಮೂಸಿ ನೋಡ್ಯಾದ ಮುಂಗುರುಳ

ನಾನು ಬಾಗಿಲಲ್ಲೇ ನಿಂತೆ. ತ್ರಿಪದಿಯ ಲಕ್ಷಣವನ್ನು ಎಷ್ಟು ಹುಡುಗರಿಗೆ ಬಾಯಿಪಾಠ ಮಾಡಿಸಿಲ್ಲ ನಾನು. ಇಂಥ ತ್ರಿಪದಿಯನ್ನು ಕೇಳಿರಲಿಲ್ಲ. ಯಾರು ಕಟ್ಟಿದ್ದೆಂದು ಕೇಳಿದೆ.

"ನೀವು ಕೇಳೂದೇನ್ರಿ ಮಾಸ್ತರ? ನಿಮ್ಮ ಭಾಗಕ್ಕಂದ್ರಿ," ಎಂದಳು ಖಾಸೀಂಬಿ. "ದಿನಾ ಇಲ್ಲೇ ಬಂದು ಬೀಸ್ತಿದ್ದಳಲ್ಲ. ನಿಮ್ಮನ್ಯಾಗ ಹಾಡಂಗಿಲ್ಲ ಅಂತಿದ್ದಳು. ಯಾಕಂತ ನಾ ಕೇಳಿಲ್ಲ."

ನಿನ್ನವ್ವ ಜೋಳ ಹೊತ್ತುಕೊಂಡು ಪಕ್ಕದ ಮನೆಗೆ ಹೋಗುವುದನ್ನು ನಾನು ಹನ್ನೊಂದು ವರ್ಷ ನೋಡಿದ್ದೇನೆ ಮಗಳೇ. ನಮ್ಮ ಕಲ್ಲು ಮೊಂಡಾಗಿದೆ ಎಂದುಕೊಂಡು ಕಲ್ಲುಕುಟಿಗನನ್ನು ಕರೆಸಿ ಎರಡು ಸಲ ಉಳಿ ಹೊಡೆಸಿದೆ. ಅವಳು ಬೇಡವೆನ್ನಲಿಲ್ಲ. ಮರುದಿನ ಮತ್ತೆ ಪಕ್ಕದ ಮನೆಗೇ ಹೋದಳು.

ಮಾರನೆಯ ದಿನ ಪುಸ್ತಕ ಹಿಡಿದು ಹೋಗಿ, ಹೇಳವ್ವಾ ಬರೆದುಕೊಳ್ಳುತ್ತೇನೆ ಎಂದು ಕೂತೆ. ಖಾಸೀಂಬಿ ಒಂದು ಸಾಲು ಹೇಳಿ ತಡವರಿಸಿದಳು. "ಬಾಯಿಲೆ ಹೇಳಂದ್ರ ಬರಂಗಿಲ್ರಿ. ಕಲ್ಲು ತಿರುಗಬೇಕು, ಆಗ ತಾನ ಬರ್ತಾದ," ಎಂದಳು. ಬರಿಗಲ್ಲು ತಿರುಗಿಸುವುದು ಮನೆಗೆ ಒಳ್ಳೆಯದಲ್ಲವಂತೆ. ಹಾಗಾಗಿ ಅಂದಿನಿಂದ ನಾನು ಜೋಳದ ಬುಟ್ಟಿ ಹೊತ್ತು ಅವಳ ಮನೆಗೂ ಮಾಳಮ್ಮನ ಮನೆಗೂ ತಿರುಗುತ್ತೇನೆ. ಅವರು ಒಳಗೆ ಬೀಸುತ್ತಾರೆ, ನಾನು ಗೋಡೆಯಾಚೆ ಕೂತು ಬರೆದುಕೊಳ್ಳುತ್ತೇನೆ. ಒಬ್ಬ ಮುದುಕನಿಗೆ ಎಷ್ಟು ಹಿಟ್ಟು ಬೇಕು? ಉಳಿದದ್ದನ್ನು ಮಠದ ದಾಸೋಹಕ್ಕೆ ಕೊಡುತ್ತೇನೆ. "ಮಾಸ್ತರಿಗಿ ಹಿಟ್ಟಿನ ಹುಚ್ಚು ಹಿಡದಾದ," ಎಂದು ಮಾಳಮ್ಮ ನನ್ನೆದುರಿಗೇ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ನಲವತ್ತೊಂದು ಹಾಡು ಸಿಕ್ಕಿವೆ.

ಒಂದು ಹಾಡು ಬರೆದುಕೊಂಡ ಮೇಲೆ ಅದರಲ್ಲಿರುವುದನ್ನು ಹುಡುಕಿಕೊಂಡು ಹೋಗುತ್ತೇನೆ. ಹಸಿ ಸಾರಣೆಯ ಅಂಗಳದಲ್ಲಿ ಕೋಳಿ ಇಟ್ಟ ಹೆಜ್ಜೆಯ ಮೇಲೆ ಒಂದು ಹಾಡಿದೆ. ಹೋಗಿ ನೋಡಿದೆ, ಯಾರೋ ಕೂತು ಬರೆದಂತಿತ್ತು. ಹಂಚಿನ ಮೇಲೆ ರೊಟ್ಟಿ ಉಸಿರು ತುಂಬಿಕೊಳ್ಳುವುದನ್ನು ಅರವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಕಣ್ಣಿಟ್ಟು ನೋಡಿದೆ. ಆ ಬಿಸಿಲಿನ ಹಾಡನ್ನೂ ನಂಬದೆ ನಮ್ಮ ಬೀಸುಕಲ್ಲಿನ ಮೂಲೆಯಲ್ಲಿ ಬೆಳಗಿನಿಂದ ಕೂತೆ. ಮಾಳಿಗೆಯ ಬೆಳಕಿಂಡಿಯಿಂದ ಅಂಗೈಯಷ್ಟು ಬಿಸಿಲು ಕಲ್ಲಿನ ಮೇಲೆ ಇಳಿದು, ಎರಡು ಎಲೆ ಮೆಲ್ಲುವಷ್ಟು ಹೊತ್ತಿದ್ದು ಹೋಯಿತು. ಆ ಮನೆಯಲ್ಲೇ ನಾನು ಇಷ್ಟು ವರ್ಷ ಬಾಳಿದ್ದೇನೆ. ನಾಚಿಕೆಯಾಯಿತು. ನಾಚಿಕೆಯ ಜೊತೆಗೆ, ಸುಳ್ಳು ಹೇಳಬಾರದು, ಸಂತೋಷವೂ ಆಯಿತು. ನಿನ್ನವ್ವ ಹೋದ ಮೇಲೆ ಬೆಳಗು ಯಾಕಾದರೂ ಆಗುತ್ತದೋ ಎನ್ನಿಸುತ್ತಿತ್ತು. ಈಗ ಎದ್ದರೆ ಮಾಡುವ ಕೆಲಸವಿದೆ.

ನಿನ್ನ ಹತ್ತಿರ ಎಷ್ಟು ಹಾಡುಗಳಿವೆಯೋ ನನಗೆ ಗೊತ್ತಿಲ್ಲ. ಸುಮ್ಮನೆ ಕೂತು ನೆನಪಿಸಿಕೊಳ್ಳಬೇಡ, ಬೀಸುತ್ತಾ ಹಾಡು, ಆಮೇಲೆ ಬರೆದು ಕಳಿಸು. ಅರ್ಧ ಸಾಲಾದರೂ ಸರಿ. ಅಕ್ಷರ ತಪ್ಪಾದರೆ ಆಗಲಿ.

ಅಳಿಯಂದಿರಿಗೆ ಶರಣು ತಿಳಿಸು. ಮಕ್ಕಳ ತಲೆಯ ಮೇಲೆ ನನ್ನ ಕೈ ಇಟ್ಟಂತೆ ನಿನ್ನ ಕೈ ಇಡು. ನಿನ್ನ ಮನೆಯ ಕಲ್ಲು ಎಂದೂ ಬರಿದಾಗದಿರಲಿ, ನಿನ್ನ ದನಿಯನ್ನು ಕೇಳುವವರು ನಿನಗಿರಲಿ.

ನಿನ್ನ ತಂದೆ
ಹಣಮಂತ್ರಾಯ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು. ನಿನ್ನ ತಮ್ಮ ಅಮೋಘಸಿದ್ದ ಜ್ವರದಲ್ಲಿ ಹೋದ ಒಂಬತ್ತನೆಯ ದಿನ ನಿನ್ನವ್ವ ನನ್ನ ಕೋಣೆಗೆ ಬಂದಳು. "ಒಂದು ಕಟ್ಟೇನಿ, ಬರಕೋರಿ. ಕಲ್ಲಿನ ಮುಂದ ಹಾಡಾಕ ಆಗವಲ್ದು, ಮರೀತೇನೇನೋ ಅಂತ ಅಂಜಿಕಿ," ಎಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತು ಪೂರ್ತಿ ಹೇಳಿದಳು. ನಾನು ಬರೆದುಕೊಳ್ಳಲಿಲ್ಲ. ಅಭ್ಯಾಸಬಲದಿಂದ ಬೆರಳು ಮಡಚಿ ಎಣಿಸಿ, ಮೂರನೆಯ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚಾಯಿತು ಎಂದೆ. ಅವಳು ಸ್ವಲ್ಪ ಹೊತ್ತು ನನ್ನ ಬೆರಳುಗಳನ್ನು ನೋಡಿ ಒಳಗೆ ಹೋದಳು. ಜೋಳ ಹೊತ್ತು ಪಕ್ಕದ ಮನೆಗೆ ಹೋಗತೊಡಗಿದ್ದು ಆಮೇಲೆಯೇ. ಆ ಹಾಡನ್ನು ಅವಳು ಖಾಸೀಂಬಿಗೆ ಹೇಳಿಲ್ಲ, ಮಾಳಮ್ಮನಿಗೂ ಹೇಳಿಲ್ಲ. ನಿನಗೆ ಹೇಳಿದ್ದಳೇ? ನಾನೇ ಜೋಳ ಹಾಕಿಕೊಂಡು ಎಷ್ಟೋ ದಿನ ಬೀಸಿ ನೋಡಿದೆ. ಒಂದು ಮಾತ್ರೆ ಹೆಚ್ಚಿತ್ತು ಎಂಬುದು ನೆನಪಿದೆ ನಿಂಬೆವ್ವ, ಹಾಡು ನೆನಪಿಲ್ಲ.